ಎಲ್ಲಿಗೆ ಎಂದು ಕೇಳದ ಮನೆ

ಭಾನುವಾರ ಬೆಳಗ್ಗೆ ಹೈದರಾಬಾದಿನ ಇಂದಿರಾ ಪಾರ್ಕಿನ ಬೇವಿನ ಮರದ ಕೆಳಗೆ ಸುವರ್ಣಾ ಒಬ್ಬೊಬ್ಬರದೇ ಬೆನ್ನಚೀಲ ಬಿಚ್ಚಿಸಿ ನೋಡುತ್ತಿದ್ದಳು. ನಲ್ಲಮಲ ಕಾಡಿಗೆ ಹೊರಡಲು ಇನ್ನೂ ಎರಡು ವಾರ ಬಾಕಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ತಂಡದಲ್ಲಿ ಒಂದಿಬ್ಬರು ಗೊಣಗಿದರು. ಗೊಣಗಿದವರ ಚೀಲವನ್ನೇ ಅವಳು ಮೊದಲು ಬಿಚ್ಚಿಸಿದಳು. ಖಜಾನೆ ಇಲಾಖೆಯಲ್ಲಿ ಬಿಲ್ಲುಗಳ ಹುಳುಕು ಹುಡುಕುತ್ತಲೇ ಕೂದಲು ನರೆಸಿಕೊಂಡ ಹೆಂಗಸು. ಯಾವ ಮೂಲೆಯಲ್ಲಿ ಮೂರ್ಖತನ ಅಡಗಿದೆ ಎಂಬುದು ಅವಳ ಕೈಗೆ ಗೊತ್ತು.

"ಇದೇನ್ರಿ ಜನಾರ್ದನರಾವ್, ಹೊಸಾ ಬೂಟು? ಇನ್ನೂ ಅಂಗಡಿ ವಾಸನಿ ಹೊಡ್ಯಾಕತ್ತಾವು."

ಜನಾರ್ದನರಾಯರು ಬ್ಯಾಂಕಿನಿಂದ ನಿವೃತ್ತರಾದವರು. "ಕಾಡಿಗಂತ ತೊಗೊಂಡೀನ್ರಿ. ಇಲ್ಲೆ ಹಾಕ್ಕೊಂಡ್ರ ಹೊಲಸಾಗ್ತಾವ" ಎಂದರು.

"ಹೊಲಸಾಗ್ಲಿ. ಇವತ್ತಿಂದ ಜಳಕಾ ಮಾಡೂವಾಗ ಅಷ್ಟ ಬಿಚ್ಚ್ರಿ. ಇಲ್ಲಾಂದ್ರ ಅಲ್ಲೆ ನಿಮ್ಮ ಹಿಮ್ಮಡಾ ಸುಲೀತಾವು, ನಾವು ನಿಮ್ಮನ್ನ ಹೆಣಾ ಹೊತ್ತಂಗ ಹೊರಬೇಕಾಗ್ತೈತಿ."

ದೀಪಾಲಿಯ ಚೀಲದಲ್ಲಿ ಮೂರು ತರಹದ ಮುಲಾಮು, ಅಂಗೈಯಗಲದ ಒಂದು ಸ್ಪೀಕರ್, ನೀರಿಗೆ ಒಂದೇ ಒಂದು ಬಾಟಲಿ. ಸೀಟಿ ಇಲ್ಲ. ಸೀಟಿ ಯಾಕೆಂದರೆ, ದಾರಿ ತಪ್ಪಿದವರು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಾರೆ, ಸೀಟಿಗೆ ಗಂಟಲು ಬೇಕಿಲ್ಲ. ತಪ್ಪಿದಾಗ ನಿಂತಲ್ಲೇ ನಿಲ್ಲಬೇಕು, ಮೂರು ಸಲ ಊದಬೇಕು, ಕಾಯಬೇಕು. ಇದನ್ನು ಸುವರ್ಣಾ ಪ್ರತಿ ವಾರ ಹೇಳುತ್ತಿದ್ದಳು, ಪ್ರತಿ ವಾರ ಒಬ್ಬರು ಸೀಟಿ ಮರೆತು ಬರುತ್ತಿದ್ದರು.

"ಈ ಸ್ಪೀಕರ್ ಯಾಕವಾ? ಹಾಡ ಹಾಕಿದ್ರ ಕರಡಿ ಕುಣೀತೈತೇನು?"

"ಓಡಿ ಹೋಗ್ತೈತಿ ಅಕ್ಕಾ. ನನ್ನ ಹಾಡ ಕೇಳಿ ನಮ್ಮ ಮಿಲಿಂದನ ಓಡ್ತಾರ, ಕರಡಿ ಯಾವ ಲೆಕ್ಕ?"

ನಗು ಮುಗಿದ ಮೇಲೆ ಸುವರ್ಣಾ ಕಡೆಯ ಪ್ರಶ್ನೆಗೆ ಬಂದಳು. ಮನೆಯಲ್ಲಿ ಯಾರಿಗೆ ಹೇಳಿದ್ದೀರಿ? ಯಾವ ದಾರಿ, ಎಲ್ಲಿ ರಾತ್ರಿ, ಯಾವಾಗ ವಾಪಸು, ಬರದಿದ್ದರೆ ಯಾರಿಗೆ ಫೋನು, ಇಷ್ಟೂ ಗೊತ್ತಿರುವ ಒಬ್ಬರು ಮನೆಯಲ್ಲೇ ಇರಬೇಕು. ಸ್ನೇಹಿತರು ನಡೆಯುವುದಿಲ್ಲ. ಒಂದೇ ಸೂರಿನ ಕೆಳಗಿನವರು, ನಿಮ್ಮ ತಾಟಿಗೆ ಬಡಿಸಿ ನೀವು ಬಾರದ್ದನ್ನು ಕಣ್ಣಾರೆ ಕಾಣುವವರು. ಅಂಥವರಿಲ್ಲದವರನ್ನು ಅವಳು ಕರೆದೊಯ್ಯುವುದಿಲ್ಲ.

"ನಮ್ಮಾಕಿಗೆ ಹೇಳೀನ್ರಿ" ಎಂದರು ಜನಾರ್ದನರಾಯರು. "ಆಕಿಗೆ ಹೇಳ್ದ ನಾ ಸಂಡಾಸಕ್ಕೂ ಹೋಗೂದಿಲ್ಲ."

ದೀಪಾಲಿ ಗಂಡ ಮಿಲಿಂದನನ್ನು ಕೂರಿಸಿ ದಾರಿ ಪಾಠ ಒಪ್ಪಿಸಿಕೊಂಡಿದ್ದಳಂತೆ. ಆಮೇಲೆ ತಟ್ಟನೆ ಕೇಳಿಬಿಟ್ಟಳು: "ನಿಮ್ಮನ್ಯಾಗ ಯಾರ್ರಿ ಅಕ್ಕಾ?"

ಸುವರ್ಣಾ ದೀಪಾಲಿಯ ಚೀಲದ ಜಿಪ್ಪು ಎಳೆದಳು. ಅದು ಆಗಲೇ ಮುಚ್ಚಿತ್ತು. "ನೋಡೋಣ" ಎಂದಳು.

ಈ ನಿಯಮ ಅವಳು ಪುಸ್ತಕ ಓದಿ ಮಾಡಿದ್ದಲ್ಲ. ರಾಯಚೂರು ಕಡೆಯ ಮಾಸ್ತರರ ಮಗಳು, ಸುಲ್ತಾನ್ ಬಜಾರಿನ ಬಟ್ಟೆ ವ್ಯಾಪಾರಿಯ ಮನೆಗೆ ಸೊಸೆಯಾಗಿ ಹೈದರಾಬಾದಿಗೆ ಬಂದವಳು, ಪರೀಕ್ಷೆ ಬರೆದು ಸರ್ಕಾರಿ ನೌಕರಿ ಹಿಡಿದವಳು. ತೆಲಂಗಾಣ ಚಳವಳಿಯ ಕಾಲಕ್ಕೆ ನೌಕರರೆಲ್ಲ ಕೆಲಸ ಬಿಟ್ಟು ಬೀದಿಗಿಳಿದಾಗ ಇವಳೂ ಇಳಿದಳು. ಕನ್ನಡದವರಿಗ್ಯಾಕ ಈ ಉಸಾಬರಿ ಎಂದ ಬಂಧುಗಳಿಗೆ, "ನಳದಾಗ ನೀರ ಬರಲಿಲ್ಲಂದ್ರ ಯಾವ ಭಾಷಾದಾಗ ಬರಲಿಲ್ಲ ಅಂತ ಕೇಳ್ತೀರೇನು?" ಎಂದಿದ್ದಳು. ಚಳವಳಿ ಕೆಲವರಿಗೆ ಕುರ್ಚಿ ಕೊಟ್ಟಿತು. ಅವಳಿಗೆ ಕೊಟ್ಟದ್ದು ಎರಡು ಬುದ್ಧಿ. ಒಂದು, ಓಡಬೇಕಾಗಿ ಬರಬಹುದಾದ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದು. ಎರಡು, ಪೊಲೀಸರು ವ್ಯಾನಿಗೆ ತುಂಬಿದ ಮೇಲೆ ಹೊರಗೆ ಒಬ್ಬರಿಗೆ ನಿನ್ನ ಸುದ್ದಿ ಗೊತ್ತಿದ್ದರೆ ಸಂಜೆಗೆ ಊಟ ಬರುತ್ತದೆ, ವಕೀಲ ಬರುತ್ತಾನೆ. ಗೊತ್ತಿಲ್ಲದಿದ್ದರೆ ನೀನು ಯಾರೂ ಅಲ್ಲ. ಎಷ್ಟು ಜೋರಾಗಿ ಜೈ ಅಂದಿದ್ದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ರಾಜ್ಯ ಬಂತು, ಧರಣಿ ನಿಂತಿತು, ಕಾಲು ನಿಲ್ಲಲಿಲ್ಲ. ನಾಲ್ಕಾರು ಕನ್ನಡ ಮನೆಯವರನ್ನು ಕಟ್ಟಿಕೊಂಡು ಗುಡ್ಡ ಹತ್ತತೊಡಗಿದಳು. ಮೊದಲ ಸಲ ಹೋದದ್ದು ವಿಕಾರಾಬಾದಿನ ಕಡೆಯ ಗುಡ್ಡಕ್ಕೆ. ಆಗಲೂ ದಾರಿ, ಹೊತ್ತು ಎಲ್ಲ ಹೇಳಿಯೇ ಹೋಗಿದ್ದಳು, ಆಫೀಸಿನ ಗೆಳತಿಯೊಬ್ಬಳಿಗೆ. ಇಳಿಯುವಾಗ ಕುರಿ ದಾರಿಯನ್ನು ಮನುಷ್ಯರ ದಾರಿ ಎಂದುಕೊಂಡು ತಪ್ಪಿದರು. ಕತ್ತಲಾಯಿತು. ಗೆಳತಿ ಫೋನು ಮಾಡುತ್ತಾಳೆ, ಯಾರಾದರೂ ಬರುತ್ತಾರೆ ಎಂದು ಬಂಡೆಯ ಮೇಲೆ ಒಬ್ಬರಿಗೊಬ್ಬರು ಒತ್ತಿ ಕೂತರು. ಗೆಳತಿ ಒಂದು ಮದುವೆ ಬರಾತಿನಲ್ಲಿ ಕುಣಿಯುತ್ತಿದ್ದಳು. ಅವಳ ತಪ್ಪೇನಿಲ್ಲ, ಸುವರ್ಣಾ ಬರದಿದ್ದದ್ದು ಅವಳ ಮನೆಯ ಯಾವ ಮೂಲೆಯಲ್ಲೂ ಕಾಣುತ್ತಿರಲಿಲ್ಲ. ಬೆಳಕು ಹರಿದ ಮೇಲೆ ತಾವೇ ಇಳಿದು ಬಂದರು.

ನಾರಾಯಣಗೂಡದ ಮನೆಗೆ ಬಂದರೆ ಅತ್ತೆ ಉಮಾಬಾಯಿ ಪಡಸಾಲೆಯಲ್ಲಿ ಕೂತಿದ್ದಳು, ಹಿಂದಿನ ದಿನದ ಸೀರೆಯಲ್ಲೇ. ಸೊಸೆ ಬಂದಿಲ್ಲ ಎಂಬುದು ಹೈದರಾಬಾದಿನಲ್ಲಿ ಮೊದಲು ಗೊತ್ತಾದದ್ದು ಆಕೆಗೆ. ಮಗನನ್ನು ಎಬ್ಬಿಸಿ ಎಲ್ಲಿಗೆಂದು ಅಟ್ಟುವುದು? ಹೇಳಿದವರಿಲ್ಲ, ಕೇಳಿದವರಿಲ್ಲ. ಆಗಲೂ ಮುದುಕಿ ಎಲ್ಲಿದ್ದೆ ಎನ್ನಲಿಲ್ಲ. "ಉಂಡಿಯೇನು?" ಅಂದಳು, ಎದ್ದು ಒಲೆಯ ಕಡೆ ಹೋದಳು.

ಅವರ ಮನೆಯಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಬಹಳ ಮನೆಗಳಲ್ಲಿ ಇದು ಇದೆ. ಹೊರಟಾಗ ಕೇಳಿದರೆ ಹೋದ ಕೆಲಸ ಕೆಡುತ್ತದೆ, ಯಾರಾದರೂ ಕೇಳಿದರೆ ಒಳಗೆ ಬಂದು ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ವ್ಯಾಪಾರಸ್ಥರಲ್ಲಿ ಇನ್ನೂ ಒಂದು ಗುಂಜಿ ಜಾಸ್ತಿ. ಆದರೆ ಉಮಾಬಾಯಿಯ ಮನೆಯಲ್ಲಿ ಅದು ಪದ್ಧತಿಯ ಗಡಿ ದಾಟಿ ಕಾಯಿದೆಯಾಗಿತ್ತು. ಹೊರಡುವವರು ಹೇಳುವುದೂ ಇಲ್ಲ. ಕಾಯಿಪಲ್ಲೆಗೆ ಹೋಗುವವರೂ "ಬರ್ತೀನಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಬೇಕು. "ಹೋಗಿ ಬಾ" ಎಂದಷ್ಟೇ ಉತ್ತರ.

ಪಾರ್ಕಿನಿಂದ ಬಂದ ಆ ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಸುವರ್ಣಾ ಗಂಡನನ್ನು ಹಿಡಿದಳು. ಮಹೇಶಕುಮಾರ ಅಂಗಡಿ ಮುಚ್ಚಿ ಬಂದಿದ್ದ, ಅಂಗಿಯ ತುಂಬ ಹೊಸ ಬಟ್ಟೆಯ ಗಂಜಿ ವಾಸನೆ.

"ನೀವಾರ ಅತ್ತಿಗೆ ಒಂದ್ ಮಾತ್ ಹೇಳ್ರಿ. ಹದಿನೈದ ದಿನದಾಗ ನಾ ಹೊಂಟೀನಿ. ಮನ್ಯಾಗ ಒಬ್ಬರಿಗೆ ಎಲ್ಲಾ ಗೊತ್ತಿರಬೇಕು."

"ನಾ ಅವ್ವಗ ಹೇಳೂದಾ?" ಮಹೇಶಕುಮಾರ ತುತ್ತು ಅಲ್ಲೇ ನಿಲ್ಲಿಸಿದ. "ಅದ ವಾರ ನಾ ಸೂರತ್ತಿಗೆ ಹೊಂಟೀನಿ. ಅದನ್ನ ಇನ್ನೂ ಹೇಳಿಲ್ಲ. ಮಾಲು ತರ್ತೀನಿ ಅಂದೀನಿ, ಅಷ್ಟ."

"ಹಂಗಾರ ನಿಮಗ ಹೇಳ್ತೀನಿ. ನೀವ ಫೋನ್ ಇಟ್ಕೊಂಡ ಕೂಡ್ರಿ."

"ನೋಡು, ಸುಳ್ಳ ಹೇಳೂದಿಲ್ಲ. ರೈಲಿನ್ಯಾಗ ಫೋನ್ ಸಿಗೂದಿಲ್ಲ. ಸಿಕ್ಕರೂ ಮಾಲ್ ನೋಡೂವಾಗ ನಾ ಯಾರ ಫೋನ್ ಎತ್ತೀನಿ? ನಮ್ಮಪ್ಪ ಎದ್ದು ಬಂದು ಮಾಡಿದ್ರೂ ಎತ್ತೂದಿಲ್ಲ."

ಸುಳ್ಳಂತೂ ಹೇಳಲಿಲ್ಲ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಮದುವೆಯಾಗಿ ಸೊಲ್ಲಾಪುರದಲ್ಲಿರುವ ಮಗಳಿಗೆ ಹೇಳಬಹುದಿತ್ತು. ಆದರೆ ಸೊಲ್ಲಾಪುರದಲ್ಲಿ ಕೂತವಳಿಗೆ ಇಲ್ಲಿಯ ಬಾಗಿಲು ತೆರೆಯಿತೋ ಇಲ್ಲವೋ ಹೇಗೆ ತಿಳಿಯಬೇಕು? ಮದುವೆ ಬರಾತು ಸೊಲ್ಲಾಪುರದಲ್ಲೂ ಇರುತ್ತದೆ. ಉಳಿದದ್ದು ಮುದುಕಿ ಒಬ್ಬಳೇ. ಮತ್ತು ಆ ಕೆಲಸಕ್ಕೆ ಆಕೆಗಿಂತ ಯೋಗ್ಯರು ಊರಲ್ಲಿ ಯಾರೂ ಇರಲಿಲ್ಲ ಎಂಬುದೇ ಸುವರ್ಣಾಳ ಗೋಳು. ಬೆಕ್ಕು ಅಂಗಳ ದಾಟಿದರೂ ಗೊತ್ತಾಗುವ ಹೆಂಗಸು.

ಮರುದಿನ ಸಂಜೆ ಉಮಾಬಾಯಿ ಮೆಂತೆಪಲ್ಲೆ ಸೋಸುತ್ತಿದ್ದಾಗ ಸುವರ್ಣಾ ಎದುರಿಗೆ ಹೋಗಿ ಕೂತಳು. ತಾನೂ ಒಂದು ಕಟ್ಟು ಎಳೆದುಕೊಂಡಳು.

"ಅತ್ತೀ, ನಾ ಈ ಶನಿವಾರ ಬಿಟ್ಟು ಮುಂದಿನ ಶನಿವಾರ..."

"ಹೋಗಿ ಬಾ."

"ಎಲ್ಲಿಗೆ ಅಂತ ಹೇಳೂದೈತ್ರಿ."

"ಬ್ಯಾಡ. ನಾ ಕೇಳಿಲ್ಲ, ನೀ ಹೇಳಬ್ಯಾಡ." ಮುದುಕಿ ಹಸಿ ಕೈಯಲ್ಲೇ ಒಂದು ಕಿವಿ ಮುಚ್ಚಿಕೊಂಡಳು. ಇನ್ನೊಂದು ಕೈಯಲ್ಲಿ ಸೊಪ್ಪು ಇತ್ತು.

"ಇದು ಬಜಾರಕ್ಕ ಹೋದಂಗ ಅಲ್ರಿ. ಅಡವಿ. ಬರಲಿಲ್ಲಂದ್ರ ಯಾರಿಗಾರ ಗೊತ್ತಿರಬೇಕ್ರಿ."

"ಬರಲಿಲ್ಲಂದ್ರ ಅಂತ ಬಾಯಾಗ ಬರಬಾರ್ದು. ಒಮ್ಮೆ ಈ ಮನೀಂದ ಹೊಂಟವರನ್ನ ಕೇಳಿದ್ರು. ಏನಾತು ನಿಂಗ ಗೊತ್ತಿಲ್ಲೇನು?"

ಗೊತ್ತಿತ್ತು. ಆ ಮನೆಗೆ ಬಂದ ಮೊದಲ ವಾರದಲ್ಲೇ ಗೊತ್ತಾಗಿತ್ತು. ವಿಮಾನ ನಿಲ್ದಾಣ ಬರುವುದಕ್ಕೂ ಬಹಳ ಹಿಂದೆ, ಶಂಶಾಬಾದ್ ಇನ್ನೂ ಹೆದ್ದಾರಿ ಬದಿಯ ಹಳ್ಳಿಯಾಗಿದ್ದಾಗ, ಮಾವ ಶಾಂತಪ್ಪ ಒಂದು ಮುಂಜಾನೆ ಸ್ಕೂಟರ್ ಹತ್ತಿ ಹೊರಟ. ಮನೆಯಲ್ಲಿ ಯಾರೂ ಕೇಳಲಿಲ್ಲ. ಎದುರು ಮನೆಯ ಶಾಮಲಾಬಾಯಿ ಸರ್ಕಾರಿ ನೌಕರರ ಹೆಂಡತಿ. ನಳದ ಹತ್ತಿರ ಕೊಡ ಹಿಡಿದು ನಿಂತಿದ್ದಳು. "ಎಲ್ಲಿಗ್ರಿ ಶಾಂತಪ್ಪನವರ, ಇಷ್ಟ ಲಗೂನ?" ಎಂದು ಕೇಳಿಬಿಟ್ಟಳು. ಅವನೂ ಒಳ್ಳೆಯ ಮನುಷ್ಯ, ವಾಪಸು ಬಂದು ಕೂರದೆ "ಶಂಶಾಬಾದಿಗ್ರಿ, ಒಂದು ಜಾಗಾ ನೋಡೂದೈತಿ" ಎಂದು ಹೇಳಿ ಹೋದ. ಆ ರಸ್ತೆಯಲ್ಲಿ ಲಾರಿ ಹೊಡೆಯಿತು. ಉಮಾಬಾಯಿ ಅಂದಿನಿಂದ ಶಾಮಲಾಬಾಯಿಯ ಮುಖ ನೋಡಿಲ್ಲ. ಇಬ್ಬರೂ ಮುದುಕಿಯರಾದರು, ಇಬ್ಬರ ಬಾಗಿಲೂ ಎದುರುಬದುರು, ಒಂದು ಹಬ್ಬದ ಎಳ್ಳು ಬೆಲ್ಲವೂ ಆ ಓಣಿ ದಾಟಿಲ್ಲ.

ಈ ಕಥೆಯ ಉಳಿದ ಅರ್ಧವನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಸುವರ್ಣಾಳಿಗೆ ಅದನ್ನು ಹೇಳಿದ್ದು ಗಂಡ, ಒಮ್ಮೆ, ದೀಪ ಆರಿಸಿದ ಮೇಲೆ. ಸಂಜೆಯಾದರೂ ಶಾಂತಪ್ಪ ಬರಲಿಲ್ಲ. ಅವನು ಎಲ್ಲಿ ಹೋಗಿದ್ದ ಎಂಬುದು ಮನೆಯಲ್ಲಿ ಒಬ್ಬರಿಗೂ ತಿಳಿಯದು. ಆಗ ಶಾಮಲಾಬಾಯಿಯೇ ಓಣಿ ದಾಟಿ ಬಂದು ಶಂಶಾಬಾದ್ ಎಂದು ಹೇಳಿದಳು. ಕಾಲೇಜು ಓದುತ್ತಿದ್ದ ಮಹೇಶಕುಮಾರ ಆ ರಸ್ತೆ ಹಿಡಿದು ಹುಡುಕುತ್ತ ಹೋದಾಗ, ಒಂದು ಸಣ್ಣ ದವಾಖಾನೆಯ ವರಾಂಡದಲ್ಲಿ ಅಪ್ಪ ಸಿಕ್ಕ. ಹೆಸರು ಊರು ಗೊತ್ತಿಲ್ಲದ ಗಾಯಾಳು ಎಂದು ಮಲಗಿಸಿದ್ದರು. ಊರಿಗೆ ತಂದರು. ಒಂದು ವಾರ ಬದುಕಿದ್ದ. ಹೆಂಡತಿಯ ಕೈಯಿಂದ ನೀರು ಕುಡಿದ, ಮಾತಾಡಿದ, ಅಂಗಡಿಯ ಬೀಗದ ಕೈ ಮಗನಿಗೆ ಕೊಟ್ಟ, ಆಮೇಲೆ ಹೋದ.

ಸುವರ್ಣಾ ಸೊಪ್ಪಿನ ಕಟ್ಟು ಕೆಳಗಿಟ್ಟಳು. ಹೇಳಬಾರದಿತ್ತೋ ಏನೋ. ಬೀದಿಯಲ್ಲಿ ಬೆಳೆದ ನಾಲಿಗೆ, ತಡೆಯಲಿಲ್ಲ.

"ಅತ್ತೀ, ಆಕಿ ಕೇಳಿದ್ದಕ್ಕ ಮಾವನವರು ಹೋದ್ರು ಅಂತೀರಿ. ಆಕಿ ಕೇಳಿದ್ದಕ್ಕ ಸಿಕ್ಕ್ರು. ಇಲ್ಲಾಂದ್ರ ಆ ವರಾಂಡದಾಗ ದಿಕ್ಕಿಲ್ದಂಗ ಸಾಯ್ತಿದ್ರು. ನಿಮಗ ಒಂದ ವಾರ ಕೊಟ್ಟಾಕಿ ಆಕಿ."

ಉಮಾಬಾಯಿಯ ಬೆರಳು ಮೆಂತೆಯ ದಂಟಿನ ಮೇಲೆ ನಿಂತವು. ಅಳುವ, ಚೀರುವ ಹೆಂಗಸಲ್ಲ. ಸೋಸಿದ ಸೊಪ್ಪನ್ನೂ ಸೋಸದ ಸೊಪ್ಪನ್ನೂ ಒಂದೇ ಬುಟ್ಟಿಗೆ ಸುರಿದುಕೊಂಡು ಎದ್ದು ಒಳಗೆ ಹೋದಳು.

ಆ ಮೇಲೆ ಮನೆಯಲ್ಲಿ ಮಾತು ನಿಂತಿತು. ಅಡಿಗೆ ಆಗುತ್ತಿತ್ತು, ತಾಟು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಸುವರ್ಣಾ ಆಫೀಸಿನಲ್ಲಿ ಕೂತು ಯೋಚಿಸಿದಳು. ಸುಳ್ಳೇನೂ ಹೇಳಿರಲಿಲ್ಲ. ಆದರೆ ನಿಜವನ್ನು ಬೀಸಿ ಒಗೆದರೆ ಮೈಗೆ ತಾಗುವುದು ಕಲ್ಲೇ. ಅಷ್ಟು ವರ್ಷ ಘೋಷಣೆ ಕೂಗಿದ್ದಳಲ್ಲ, ಗಂಟಲಿಗೆ ಅದೊಂದೇ ದನಿ ರೂಢಿಯಾಗಿತ್ತು. ಗಂಡನನ್ನು ಕೊಂದ ಪ್ರಶ್ನೆ ಎಂದು ಮೂವತ್ತು ವರ್ಷ ಒಬ್ಬ ಹೆಂಗಸು ಒಂದು ಮಾತನ್ನು ಹೊರಗಿಟ್ಟು ಬದುಕಿದ್ದಾಳೆ. ಹಾಗೆ ಬದುಕಿ ಮಗನನ್ನು ಬೆಳೆಸಿದ್ದಾಳೆ, ಅಂಗಡಿ ಉಳಿಸಿದ್ದಾಳೆ. ಅದು ತಪ್ಪು ಎಂದು ಒಂದು ಸಂಜೆ ಮೆಂತೆಪಲ್ಲೆಯ ಮುಂದೆ ಕೂತು ಹೇಳಿದರೆ, ಪಾಪ, ಆಕೆ ಏನು ಮಾಡಬೇಕು? ಮೂವತ್ತು ವರ್ಷ ವಾಪಸು ಕೊಡಲು ಬರುತ್ತದೆಯೇ?

ಸೋಮವಾರ ಮಹೇಶಕುಮಾರ "ಬರ್ತೀನವ್ವ" ಎಂದು ಹೇಳಿ ಸೂರತ್ತಿನ ರೈಲು ಹತ್ತಿದ. ಮಂಗಳವಾರ ಸುವರ್ಣಾ ದೀಪಾಲಿಗೆ ಫೋನು ಮಾಡಿದಳು.

"ನಾ ಬರೂದಿಲ್ಲ. ನೀ ಮುಂದ ನಿಂತು ಎಲ್ಲಾರನೂ ಕರಕೊಂಡ ಹೋಗು. ಅರಣ್ಯ ಇಲಾಖೆ ಪರವಾನಗಿ ಕಾಗದ ಕಳಿಸ್ತೀನಿ. ಗಾರ್ಡ್ ಜೋಡಿ ಇರ್ತಾನ, ಅವನ್ನ ಬಿಟ್ಟು ಒಂದ ಹೆಜ್ಜಿ ಹಾಕಬ್ಯಾಡ್ರಿ."

"ಅಯ್ಯ! ಯಾಕ್ರಿ ಅಕ್ಕಾ?"

"ನಮ್ಮನ್ಯಾಗ ಯಾರೂ ಇಲ್ಲ."

"ಆಚಾರ ಹೇಳೂದು ಬದನಿಕಾಯಿ ತಿನ್ನೂದು ಅಂತಾರ. ನೀವು ನೋಡಿದ್ರ ಆಚಾರ ಹೇಳಿ ಉಪಾಸ ಸಾಯಾಕತ್ತೀರಿ. ಐತಿ ಅಂತ ಹೇಳಿಬಿಡ್ರಿ, ಯಾರಿಗೆ ಗೊತ್ತಾಗ್ತೈತಿ?"

"ನಿಂಗ ಗೊತ್ತಾತಲ್ಲ ಈಗ. ಮುಂದಿನ ಸಲ ನೀನೂ ಹಂಗ ಹೇಳ್ತಿ."

ಫೋನು ಇಟ್ಟ ಮೇಲೆ ಬಾಗಿಲ ಹಿಂದೆ ನಿಲ್ಲಿಸಿದ್ದ ತನ್ನ ಚೀಲವನ್ನು ತಂದು ಹಾಸಿಗೆಯ ಮೇಲೆ ಬಿಚ್ಚಿದಳು. ಬ್ಯಾಟರಿ, ಸೀಟಿ, ಉಳುಕಿಗೆ ಸುತ್ತುವ ಪಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ, ಉಪ್ಪು ಸಕ್ಕರೆಯ ಪುಡಿ. ಒಂದೊಂದೇ ತೆಗೆದು ಕಪಾಟಿನಲ್ಲಿಟ್ಟಳು. ನೀರಿನ ಬಾಟಲಿಗಳನ್ನು ತಲೆಕೆಳಗು ಮಾಡಿ ಅಡಿಗೆಮನೆಯ ಕಟ್ಟೆಯ ಮೇಲೆ ಒಣಗಲು ನಿಲ್ಲಿಸಿದಳು. ಉಮಾಬಾಯಿ ಬಾಟಲಿಗಳನ್ನು ನೋಡಿದಳು, ಅವುಗಳನ್ನು ಸ್ವಲ್ಪ ಆಚೆ ಸರಿಸಿ ಹಿಟ್ಟಿನ ಡಬ್ಬಿ ಇಳಿಸಿಕೊಂಡಳು.

ಗುರುವಾರ ಸುವರ್ಣಾ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗಲೇ ಸದ್ದು ಕೇಳಿತು. ರೊಟ್ಟಿ ಬಡಿಯುವ ಸದ್ದು. ಒಂದೆರಡು ರೊಟ್ಟಿಯ ಸದ್ದಲ್ಲ, ಮದುವೆ ಮನೆಯ ಸದ್ದು. ಒಳಗೆ ಬಂದರೆ ಅಡಿಗೆಮನೆಯ ನೆಲದ ಮೇಲೆ ಹಾಸಿದ ಪಂಚೆಯ ತುಂಬ ಜೋಳದ ರೊಟ್ಟಿ, ಬಿಸಿಲಿಗೂ ಬೆಂಕಿಗೂ ಒಣಗಿ ಖಡಕ್ಕಾಗಿ ಅಂಚು ಮೇಲೆದ್ದವು. ಉಮಾಬಾಯಿ ಹಣೆಯ ಬೆವರು ಮೊಣಕೈಯಿಂದ ಒರೆಸಿಕೊಂಡು, ತಲೆ ಎತ್ತದೆ ಕೇಳಿದಳು.

"ಎಷ್ಟ ಮಂದಿ?"

ಸುವರ್ಣಾ ಬ್ಯಾಗು ಕೆಳಗಿಟ್ಟಳು. "ಎಂಟ ಮಂದಿ ಇದ್ವಿ. ಈಗ ಏಳ ಮಂದಿ ಹೊಂಟಾರ್ರಿ."

"ಎಂಟ. ಎಷ್ಟ ಹೊತ್ತಿನ ಊಟ?"

"ಮೂರ ಹೊತ್ತಿಂದ್ರಿ."

"ಮೊದಲನೇದು ಎಲ್ಲಿ ಕುಂತ ತಿಂತೀರಿ?"

ಸುವರ್ಣಾ ಗೋಡೆಗೆ ಒರಗಿ ನಿಧಾನಕ್ಕೆ ನೆಲದ ಮೇಲೆ ಕೂತಳು. ಎದುರು ಕೂರಲು ಧೈರ್ಯವಾಗದೆ ಪಕ್ಕಕ್ಕೆ ಕೂತಳು. "ಶ್ರೀಶೈಲದ ರಸ್ತಿ ಬಿಟ್ಟು ಒಳಗ ಹೋದ್ರ ಅರಣ್ಯದವರ ರೇಂಜ್ ಆಫೀಸ್ ಐತ್ರಿ. ಅಲ್ಲೆ ಹೆಸರ ಬರಸಿ, ಗಾರ್ಡನ್ನ ಜೋಡಿ ಕರಕೊಂಡು, ಹಳ್ಳದ ದಂಡಿ ಹಿಡದು ನಡೀತೀವಿ. ಮಧ್ಯಾಹ್ನಕ್ಕ ಒಂದು ದೊಡ್ಡ ಮದ್ದಿ ಗಿಡ ಸಿಗ್ತೈತಿ, ಅದರ ಕೆಳಗ."

"ಹಳ್ಳದಾಗ ನೀರ ಐತೇನು? ಖಡಕ್ ರೊಟ್ಟಿ ತಿಂದ್ರ ನೀರಡಿಸ್ತೈತಿ."

"ಐತಿ, ಆದ್ರ ಕುಡ್ಯೂವಂಗಿಲ್ಲ. ಹೊತ್ತಕೊಂಡ ಹೋಗ್ತೀವಿ. ಭಾಳ ತ್ರಾಸಾದ್ರ ಕುದಿಸಿ."

"ರಾತ್ರಿ ರೊಟ್ಟಿ?"

"ಗುಡ್ಡದ ಮ್ಯಾಲ ಅರಣ್ಯದವರದು ಒಂದ ಕಾವಲು ಮನಿ ಐತಿ. ಸುತ್ತ ಕಂದಕ ಹೊಡದಾರ. ಅಲ್ಲೆ."

ಮುದುಕಿ ರೊಟ್ಟಿ ತಿರುವಿದಳು. ಪ್ರತಿ ಪ್ರಶ್ನೆಯೂ ರೊಟ್ಟಿಯದು. ಇಳಿಯುವಾಗ ಚೀಲ ಹಗುರಾಗಿರುತ್ತದೋ ಇಲ್ಲವೋ, ಶೇಂಗಾ ಚಟ್ನಿ ಯಾರ ಚೀಲದಲ್ಲಿ, ರೊಟ್ಟಿ ಚೂರಾದರೆ ಯಾವ ದಾರಿಯಲ್ಲಿ ಅಷ್ಟು ಕುಲುಕಾಡುತ್ತೀರಿ. ಹೀಗೆ ಒಂದೊಂದೇ ಊಟ ಹಿಡಿದು ಆಕೆ ಕಾಡು ಹತ್ತಿದಳು, ಕಾಡು ಇಳಿದಳು. ಸುವರ್ಣಾ ಏಳೂ ಜನರಿಗೆ ಹೇಳಿಕೊಟ್ಟ ದಾರಿಯನ್ನು ಇಷ್ಟು ಚೊಕ್ಕವಾಗಿ ಅವರಲ್ಲಿ ಯಾರೂ ಕೇಳಿ ತಿಳಿದುಕೊಂಡಿರಲಿಲ್ಲ.

"ಕಡೀ ರೊಟ್ಟಿ?"

"ಆದಿತ್ಯವಾರ ಮಧ್ಯಾಹ್ನ. ಇಳಿಯೂ ಮುಂದ ಒಂದ ಬೋಳ ಬಂಡಿಗಲ್ಲು ಐತಿ."

"ಅದನ್ನ ತಿಂದ ಮ್ಯಾಲ, ಹೊತ್ತು ಮುಣಗಿದ್ರೂ ಮಂದಿ ಕೆಳಗ ಬರಲಿಲ್ಲಂದ್ರ?"

ತವೆಯ ಮೇಲೆ ರೊಟ್ಟಿ ಉಬ್ಬಿ ಉಸಿರು ಬಿಟ್ಟಿತು. ಸುವರ್ಣಾ ಅತ್ತೆಯ ಮುಖ ನೋಡಲಿಲ್ಲ.

"ರೇಂಜ್ ಆಫೀಸಿಗೆ ಫೋನ್ ಮಾಡ್ಬೇಕ್ರಿ. ಮನ್ಯಾಗ ದೀಪ ಹಚ್ಚಿ, ಒಂದ ತಾಸು ನೋಡಿ, ಆಮ್ಯಾಲ. ಅದಕ್ಕಿಂತ ಮೊದಲ ಅಲ್ಲ. ಸುಮ್ ಸುಮ್ನ ಗಾಬರಿ ಆದ್ರ ಅವರು ಮುಂದಿನ ಸಲ ನಂಬೂದಿಲ್ಲ."

"ಹಾಕ್ಕೊಡು ನಂಬರು."

ಸುವರ್ಣಾ ಮುದುಕಿಯ ಗುಂಡಿ ಫೋನಿಗೆ ನಂಬರು ಹಾಕಿಕೊಟ್ಟಳು. ಉಮಾಬಾಯಿ ಹಿಟ್ಟಿನ ಬೆರಳಲ್ಲೇ ಅದನ್ನು ಒತ್ತಿದಳು. ಆ ಕಡೆಯಿಂದ ಗಂಡಸಿನ ದನಿ ಕೇಳಿತು. "ಹಲೋ, ಅಡವಿ ಆಫೀಸೇನ್ರಿ? ಏನಿಲ್ಲ. ಊರಿಕೇ ಚೂಶಿನಾ. ಇಡ್ರಿ" ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿ ಕಟ್ ಮಾಡಿದಳು. ಸುಮ್ಮನೆ ನೋಡಿದೆ ಎಂದು.

ಸುವರ್ಣಾಳಿಗೆ ಸುಮ್ಮನಿರಲಾಗಲಿಲ್ಲ. "ಮತ್ತ ಕೇಳಬಾರ್ದು ಅಂದಿದ್ರಿ?"

"ಹೊಸ್ತಿಲದಾಗ ಕಾಲಿಟ್ಟವರನ್ನ ಕೇಳಬಾರ್ದು. ಒಲಿ ಮುಂದ ಕುಂತವರನ್ನ ಕೇಳಬಾರ್ದು ಅಂತ ಯಾರೂ ಹೇಳಿಲ್ಲ." ಮುದುಕಿ ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡಳು. ಬಡಿಯತೊಡಗಿದಳು. "ಆ ಶಾಮಲಾಬಾಯಿ ಕೇಳಿದ್ದು ಹೊಸ್ತಿಲದಾಗ. ಅದು ತಪ್ಪ. ನೀ ಏನ ಅಂದ್ರೂ ಅದು ತಪ್ಪ." ಮತ್ತೆ ಬಡಿತ. "ಆ ವಾರ ಮಾತ್ರ ಖರೇ."

ಅಷ್ಟೇ. ಇದಕ್ಕಿಂತ ಹೆಚ್ಚಿಗೆ ಆಕೆ ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಸುವರ್ಣಾ ಎದ್ದು ಕಪಾಟಿನಿಂದ ಬ್ಯಾಟರಿ, ಸೀಟಿ ಹೊರತೆಗೆದಳು.

ಶನಿವಾರ ನಸುಕಿನಲ್ಲಿ ಹೊರಟಾಗ ಉಮಾಬಾಯಿ ಬಾಗಿಲಿಗೆ ಬರಲೇ ಇಲ್ಲ. ದೇವರ ಜಗುಲಿಯ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದವಳು ಅಲ್ಲಿಂದಲೇ "ಹೋಗಿ ಬಾ" ಎಂದಳು. ಹೊಸ್ತಿಲಿನ ಕಾಯಿದೆ ಹೊಸ್ತಿಲಿಗೆ.

ಹತ್ತುವುದು ಚೆನ್ನಾಗಿಯೇ ಆಯಿತು. ಜನಾರ್ದನರಾಯರ ಬೂಟು ಪಳಗಿತ್ತು. ಕರಡಿ ಕಾಣಲಿಲ್ಲ, ಅದರ ಲದ್ದಿ ಕಂಡಿತು. ದೀಪಾಲಿಯ ಸ್ಪೀಕರು ಚೀಲದಿಂದ ಹೊರಬರಲೇ ಇಲ್ಲ. ಭಾನುವಾರ ಬೋಳು ಬಂಡೆಯ ಮೇಲೆ ರೊಟ್ಟಿ ತಿಂದು ಇಳಿಯುವಾಗ ಉರುಳುಗಲ್ಲಿನ ಮೇಲೆ ಹೆಜ್ಜೆಯಿಟ್ಟು ದೀಪಾಲಿಯ ಕಾಲು ಹೊರಳಿತು. ಮುರಿದಿರಲಿಲ್ಲ, ಆದರೆ ಭಾರ ಹಾಕಲು ಆಗುತ್ತಿರಲಿಲ್ಲ. ಪಟ್ಟಿ ಬಿಗಿದು ಸುತ್ತಿದರು, ಅವಳ ಚೀಲ ಹಂಚಿಕೊಂಡರು, ಗಾರ್ಡು ಒಂದು ಕಡೆ ಜನಾರ್ದನರಾಯರು ಒಂದು ಕಡೆ ಹೆಗಲು ಕೊಟ್ಟರು. ಗಾರ್ಡಿನ ಫೋನಿನಲ್ಲೂ ಸಿಗ್ನಲ್ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು.

"ಲಗು ನಡೀರಿ, ಕತ್ತಲಾಗಾಕತ್ತೈತಿ" ಎಂದು ಯಾರೋ ಹಿಂದಿನಿಂದ ಅಂದರು.

"ಯಾಕ ಲಗು?" ಎಂದಳು ಸುವರ್ಣಾ. "ಇನ್ನೊಂದ ಕಾಲ ಮುರಕೋಬೇಕೇನು? ಬ್ಯಾಟರಿ ತಗೀರಿ. ಒಬ್ಬರ ಬೆನ್ನ ಒಬ್ಬರು ಬಿಡಬ್ಯಾಡ್ರಿ."

ವಿಕಾರಾಬಾದಿನ ಬಂಡೆಯ ಮೇಲೆ ಅವಳ ಎದೆ ಹೊಡೆದುಕೊಂಡದ್ದು ಕತ್ತಲಿಗಲ್ಲ. ರಾತ್ರಿ ಸರಿದಂತೆ ಯಾರೂ ಬರುವುದಿಲ್ಲ ಎಂಬುದು ಒಳಗೆ ಗೊತ್ತಾಗಿತ್ತು, ಅದಕ್ಕೆ. ಮಂದಿ ಕಾಡಿನಲ್ಲಿ ಸಾಯುವುದು ಹುಲಿಗಲ್ಲ, ಅವಸರಕ್ಕೆ. ಮತ್ತು ಹುಡುಕಲು ಯಾರೂ ಬರುವುದಿಲ್ಲ ಎಂದುಕೊಂಡವನಿಗೇ ಅವಸರ ಬರುವುದು. ಇವತ್ತು ನಾರಾಯಣಗೂಡದಲ್ಲಿ ದೀಪ ಹಚ್ಚುವ ಹೊತ್ತು. ಇನ್ನೊಂದು ತಾಸು, ಆಮೇಲೆ ಒಂದು ಫೋನು. ಅವಳು ಕಲ್ಲು ನೋಡಿ ನೋಡಿ ಕಾಲಿಟ್ಟಳು.

ಅರ್ಧ ತಾಸೂ ಆಗಿರಲಿಲ್ಲ, ಕೆಳಗಿನ ಬಂಡಿ ದಾರಿಯಲ್ಲಿ ಜೀಪಿನ ಬೆಳಕು ಕಂಡಿತು. ಸುವರ್ಣಾ ಮೂರು ಸಲ ಸೀಟಿ ಊದಿದಳು. ಜೀಪಿನಿಂದ ಇಳಿದ ರೇಂಜ್ ಆಫೀಸಿನ ನಡುವಯಸ್ಸಿನ ನೌಕರ ಮೊದಲು ದೀಪಾಲಿಯ ಕಾಲು ನೋಡಿದ, ಆಮೇಲೆ ಎಲ್ಲರ ಮುಖ ನೋಡಿದ.

"ಸುವರ್ಣಮ್ಮ ಎವರು?"

"ನಾನೇ."

ಅವನು ಕೈ ಮುಗಿದ. ಮಧ್ಯಾಹ್ನದಿಂದ ಫೋನಿನ ಮೇಲೆ ಫೋನಂತೆ. ಮೊದಲ ಸಲ, ಇಷ್ಟೊತ್ತಿಗೆ ಬಂಡೆಯ ಮೇಲೆ ರೊಟ್ಟಿ ತಿಂದಿರಬೇಕು, ಇಳಿಯಲು ಶುರು ಮಾಡಿದರೇನು ಎಂದು. ಎರಡನೆಯ ಸಲ, ಹಳ್ಳದ ದಂಡೆಗೆ ಬಂದರೇನು ಎಂದು. ಆ ಬಂಡೆ, ಆ ಹಳ್ಳ ಆಫೀಸಿನಲ್ಲಿ ಅವನಿಗೇ ಅಷ್ಟು ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಎಷ್ಟು ಸಲವೋ. ಈ ಫೋನು ನಿಲ್ಲಬೇಕಾದರೆ ನಿಮ್ಮನ್ನು ಹಿಡಿದು ತರುವುದೊಂದೇ ದಾರಿ ಎಂದು ಸಾಹೇಬರೇ ಜೀಪು ಕೊಟ್ಟರು ಎಂದ.

"ದೀಪ ಹಚ್ಚಿದ ಮ್ಯಾಲ ಅಂತ ಹೇಳಿದ್ದೆ" ಎಂದು ಸುವರ್ಣಾ ಗೊಣಗಿದಳು. ಮುದುಕಿಗೆ ಯಾವಾಗ ಫೋನು ಮಾಡಬೇಕೆಂದು ಹೇಳಿದ್ದು ಸರಿ. ಅಲ್ಲಿಯವರೆಗೆ ಹೇಗೆ ಕಾಯಬೇಕೆಂದು ಹೇಳಿರಲಿಲ್ಲ. ಅದನ್ನು ಹೇಳಿಕೊಡುವುದು ಅವಳಿಗೂ ಬರುತ್ತಿರಲಿಲ್ಲ.

ರೇಂಜ್ ಆಫೀಸಿನ ಬಾಗಿಲಿಗೆ ಬರುವಾಗಲೇ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ನೌಕರ ಅವಳ ಕಡೆ ನೋಡಿದ. ಸುವರ್ಣಾ ಹೋಗಿ ಎತ್ತಿದಳು.

"ನಾನ್ರಿ ಅತ್ತಿ."

"ಎಂಟೂ ಮಂದಿ?"

"ಎಂಟೂ ಮಂದಿ. ದೀಪಾಲಿ ಕಾಲ ಉಳುಕೈತಿ. ಬ್ಯಾರೆ ಏನಿಲ್ರಿ."

"ಆ ಮನಶ್ಯಾನ ಕೈಯಾಗ ಕೊಡು ಫೋನು. ಹಗಲೆಲ್ಲಾ ಬೈದೀನಿ ಅವಂಗ."

ಸುವರ್ಣಾ ಫೋನನ್ನು ನೌಕರನ ಕೈಗಿಟ್ಟಳು. ಅವನು ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡ. ಅರ್ಧ ತಿಳಿಯದ ಭಾಷೆಯಲ್ಲಿ ಬರುತ್ತಿದ್ದ ಮಾತಿಗೆ "ಆ, ಅಮ್ಮಾ... ಸರೇ, ಅಮ್ಮಾ" ಎಂದು ತಲೆಯಾಡಿಸುತ್ತಲೇ ಇದ್ದ.